ಲೆಡ್ ಝೆಪೆಲಿನ್ 'ಮದರ್‌ಶಿಪ್' ದುಡ್ಡು ಕೊಟ್ಟು ಕೊಳ್ಳಬಹುದಾ? ಮಾಸ್ಟರಿಂಗ್ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಬಸವನಗುಡಿ): ಸರ್, ನಮಸ್ಕಾರ. ಚರ್ಚ್ ಸ್ಟ್ರೀಟ್ ಹತ್ರ ಒಂದು ಅಂಗಡೀಲಿ ಇಂಗ್ಲೆಂಡಿನ ರಾಕ್ ಬ್ಯಾಂಡ್ ಲೆಡ್ ಝೆಪೆಲಿನ್ ಹಿಟ್ ಹಾಡುಗಳ ಸಂಕಲನ 'ಮದರ್‌ಶಿಪ್' ಎರಡು ಸಿಡಿ ಸೆಟ್ ಇದೆ, ಸೆಕೆಂಡ್ ಹ್ಯಾಂಡ್. ಆನ್‌ಲೈನಲ್ಲಿ ಅದೇ ಸಂಕಲನದ ನಾಲ್ಕು ಎಲ್‌ಪಿ ಪೆಟ್ಟಿಗೆ ಹೊಸದು ಸಿಗ್ತಿದೆ. ಎರಡೂ 'ರೀಮಾಸ್ಟರ್ಡ್' ಅಂತಾರೆ. ಈ ಬ್ಯಾಂಡಿನ ಒಂದು ಡಿಸ್ಕೂ ನನ್ನ ಹತ್ರ ಇಲ್ಲ. ಸಿಡಿ ಪ್ಲೇಯರ್, ಟರ್ನ್‌ಟೇಬಲ್ ಎರಡೂ ಇವೆ. ಯಾವುದು ತಗೊಳ್ಳಲಿ?

ಉತ್ತರ: ಸಿಡಿ ತಗೊಳ್ಳಿ, ಆದ್ರೆ 2015ರದ್ದು. ಅಂಗಡೀಲಿರೋದು 2007ರದ್ದಾಗಿದ್ರೆ ತೀರಾ ಅಗ್ಗಕ್ಕೆ ಕೊಟ್ಟರೆ ಮಾತ್ರ ನೋಡಿ.

'ರೀಮಾಸ್ಟರ್ಡ್' ಅನ್ನೋ ಚೀಟಿ ನೋಡಿ ಏನೂ ತೀರ್ಮಾನ ಮಾಡೋಕಾಗಲ್ಲ. ಯಾವ ವರ್ಷದ ಮಾಸ್ಟರ್ ಅನ್ನೋದೇ ಮುಖ್ಯ. ಮಾಸ್ಟರ್ ಅಂದ್ರೆ ಡಿಸ್ಕ್ ಒತ್ತೋಕೆ ಮುಂಚೆ ಧ್ವನಿ ಹದ ಮಾಡಿದ ಕೊನೇ ಪ್ರತಿ; ಅದನ್ನ ಹೊಸದಾಗಿ ಮಾಡಿದ್ರೆ ರೀಮಾಸ್ಟರ್. ಈ ಸಂಕಲನ ಮೊದಲು ಬಂದಿದ್ದು 2007ರ ನವೆಂಬರಲ್ಲಿ: 24 ಹಾಡು, ಒಂದೊಂದು ಸಿಡಿಯಲ್ಲೂ ಹೆಚ್ಚುಕಮ್ಮಿ 70 ನಿಮಿಷ. 2014-15ರಲ್ಲಿ ಗಿಟಾರ್ ವಾದಕ ಜಿಮ್ಮಿ ಪೇಜ್ ತಾವೇ ಕೂತು, ಜಾನ್ ಡೇವಿಸ್ ಅನ್ನೋ ಎಂಜಿನಿಯರ್ ಜೊತೆ ಎಲ್ಲಾ ಸ್ಟುಡಿಯೊ ಆಲ್ಬಂಗಳನ್ನ ಹೊಸದಾಗಿ ಮಾಸ್ಟರ್ ಮಾಡಿಸಿದರು. 2015ರ ನವೆಂಬರಲ್ಲಿ ಆ ಹೊಸ ಧ್ವನಿ ಹಾಕಿ ಇದೇ ಸಂಕಲನವನ್ನ ಮತ್ತೆ ಬಿಟ್ಟರು. ಹಾಡಿನ ಪಟ್ಟಿ ಅದೇ, ಧ್ವನಿ ಬೇರೆ. ಹಿಂಬದಿಯ ವರ್ಷ, ಬಾರ್‌ಕೋಡ್ ಎರಡರ ಫೋಟೊ ತಗೊಂಡು, ಸಿಡಿ, ಎಲ್‌ಪಿಗಳ ಪಟ್ಟಿ ಇರೋ ವೆಬ್‌ಸೈಟ್ ಡಿಸ್ಕಾಗ್ಸ್‌ನಲ್ಲಿ ಹೋಲಿಸಿ ನೋಡಿ, ಯಾವುದು ಅಂತ ಗೊತ್ತಾಗತ್ತೆ.

2007ರದ್ದರ ತೊಂದರೆ ಅಂದ್ರೆ ಅತಿ ಜೋರು. ಆ ಕಾಲದಲ್ಲಿ ಎಲ್ಲರೂ ಮಾಡ್ತಿದ್ದ ಕೆಲಸ ಅದು. ಲಿಮಿಟರ್ ಹಾಕಿ ಡ್ರಮ್ ಹೊಡೆತದ ತುದಿಗಳನ್ನ ಒತ್ತಿಬಿಟ್ಟು, ಉಳಿದ ಸದ್ದನ್ನೆಲ್ಲ ಮೇಲಕ್ಕೆ ಎತ್ತೋದು. ಗುಡ್ಡ ಕಡಿದು ಹಳ್ಳಕ್ಕೆ ತುಂಬಿದ ಹಾಗೆ. ಮೊದಲ ಎರಡು ನಿಮಿಷ ಭರ್ಜರಿ ಅನಿಸತ್ತೆ, ಅರ್ಧ ಗಂಟೆ ಆಗೋಷ್ಟರಲ್ಲಿ ಕಿವಿ ಸೋಲತ್ತೆ.

ಪರೀಕ್ಷೆಗೆ ಒಂದೇ ಹಾಡು ಸಾಕು: ಮೊದಲ ಸಿಡಿಯ 12ನೆಯದು, 'ವೆನ್ ದ ಲೆವೀ ಬ್ರೇಕ್ಸ್'. ಆ ಡ್ರಮ್ ರೆಕಾರ್ಡ್ ಆಗಿದ್ದು ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಅನ್ನೋ ಹಳೇ ಬಂಗಲೆಯ ಹಜಾರದಲ್ಲಿ. ಡ್ರಮ್ ಕೆಳಗೆ, ಎಂಜಿನಿಯರ್ ಆಂಡಿ ಜಾನ್ಸ್ ತೂಗುಬಿಟ್ಟ ಎರಡು ಬೇಯರ್ ಎಂ160 ಮೈಕು ಮೆಟ್ಟಿಲ ಮೇಲ್ಗಡೆ. ಅದರ ಮೇಲೆ ಬಿನ್ಸನ್ ಎಕೊ (ಪ್ರತಿಧ್ವನಿ ಯಂತ್ರ), ಜೊತೆಗೆ ಬೇಕಂತಲೇ ಹಾಕಿದ ಕಂಪ್ರೆಶನ್, ಅಂದ್ರೆ ಜೋರು ಸದ್ದು, ಮೆಲು ಸದ್ದಿನ ಅಂತರ ಕುಗ್ಗಿಸೋದು. ಕೋಲು ಚರ್ಮಕ್ಕೆ ತಾಗಿದ ಕ್ಷಣ ಒಂದು, ಅದರ ಹಿಂದೆ ಹಜಾರ ಉಸಿರು ಬಿಟ್ಟ ಹಾಗೆ ಬರೋ ಗುಂಗು ಇನ್ನೊಂದು. ಈ ಎರಡರ ನಡುವಿನ ಅಂತರದಲ್ಲೇ ಆ ಹಾಡಿನ ಪ್ರಾಣ ಇರೋದು. ಇಡೀ ಮಿಕ್ಸ್ ಮೇಲೆ ಇನ್ನೊಂದು ಸಲ ಲಿಮಿಟರ್ ಕೂತರೆ ಹೊಡೆತ ಮೊಂಡಾಗತ್ತೆ, ಗುಂಗು ಮುಂದಕ್ಕೆ ಬರತ್ತೆ. 2015ರದ್ದರಲ್ಲಿ ಆ ಅಂತರ ಎಷ್ಟೋ ಚೆನ್ನಾಗಿ ಉಳಿದಿದೆ.

ಪ್ರಶ್ನೆ (ಮಲ್ಲೇಶ್ವರ): ನನ್ನ ಹತ್ರ 2007ರದ್ದೇ ಇದೆ ಸರ್. ನಿಜವಾಗ್ಲೂ ವ್ಯತ್ಯಾಸ ಕೇಳ್ಸತ್ತಾ, ಇಲ್ಲ ಮನಸ್ಸಿನ ಭ್ರಮೆನಾ ಅಂತ ಮನೇಲೇ ನೋಡೋದು ಹೇಗೆ?

ಉತ್ತರ: ಇದನ್ನ ಕೇಳಿದ್ದು ಒಳ್ಳೇದಾಯ್ತು. ಹೋಲಿಸುವಾಗ ತುಂಬಾ ಜನ ಎಡವೋದು ಒಂದೇ ಕಡೆ: ಎರಡರ ವಾಲ್ಯೂಮ್ ಸಮ ಮಾಡಲ್ಲ. ಅರ್ಧ ಡೆಸಿಬಲ್ ಜೋರಿದ್ರೂ ಅದೇ ಚೆನ್ನಾಗಿದೆ ಅನ್ನತ್ತೆ ಕಿವಿ.

ಎಕ್ಸಾಕ್ಟ್ ಆಡಿಯೊ ಕಾಪಿ ಅನ್ನೋ ಸಾಫ್ಟ್‌ವೇರಲ್ಲಿ ಸಿಡಿ ಹಾಡನ್ನ ಕಂಪ್ಯೂಟರಿಗೆ ಇಳಿಸಿ, ಧ್ವನಿ ಏನೂ ಕಳೆದುಹೋಗದ ಫ್ಲ್ಯಾಕ್ ಫೈಲ್ ಮಾಡ್ಕೊಳ್ಳಿ. ಎಂಪಿ3 ಬೇಡ. ಗೆಳೆಯರ ಹತ್ರ 2015ರ ಸಿಡಿ ಇದ್ರೆ ಅದನ್ನೂ ಹಾಗೇ ಮಾಡಿ. ಎರಡನ್ನೂ ಆಡಾಸಿಟಿ ಅನ್ನೋ ಧ್ವನಿ ಎಡಿಟರಲ್ಲಿ ತೆರೆದರೆ ಕಣ್ಣಿಗೇ ಕಾಣತ್ತೆ: ಒತ್ತಿದ ಮಾಸ್ಟರಲ್ಲಿ ಅಲೆಯ ತುದಿಗಳೆಲ್ಲ ಒಂದೇ ಎತ್ತರಕ್ಕೆ ಬೇಲಿ ಥರ ನಿಂತಿರ್ತವೆ, ಒತ್ತದೇ ಇರೋದರಲ್ಲಿ ಡ್ರಮ್ ಹೊಡೆತಗಳು ಬೇರೆ ಬೇರೆಯಾಗಿ ಎದ್ದಿರ್ತವೆ. ಆಮೇಲೆ ಫೂಬಾರ್2000 ಅನ್ನೋ ಪ್ಲೇಯರ್ ಸಾಫ್ಟ್‌ವೇರಿಗೆ ಹಾಕಿ ರೀಪ್ಲೇಗೇನ್ ಸ್ಕ್ಯಾನ್ ಮಾಡಿಸಿ, ವಾಲ್ಯೂಮ್ ಸಮ ಆಗತ್ತೆ. ಅದರ ಎಬಿಎಕ್ಸ್ ಕಾಂಪೊನೆಂಟ್‌ನಲ್ಲಿ, ಯಾವುದು ನುಡೀತಿದೆ ಅಂತ ಗೊತ್ತಿಲ್ಲದ ಹಾಗೆ 16 ಸಲ ಕೇಳಿ. 12 ಅಥವಾ ಹೆಚ್ಚು ಸರಿ ಬಂದ್ರೆ ನೀವು ಊಹೆ ಮಾಡ್ತಿಲ್ಲ ಅಂತ ಧೈರ್ಯವಾಗಿ ಹೇಳಬಹುದು. ಎಂಟೊಂಬತ್ತು ಬಂದ್ರೆ ನಿಮ್ಮ ಸೆಟಪ್ಪಲ್ಲಿ ವ್ಯತ್ಯಾಸ ಗೊತ್ತಾಗ್ತಿಲ್ಲ ಅಂತ ಅರ್ಥ, ದುಡ್ಡು ಉಳಿಸಿ.

ಇನ್ನೊಂದು ಮಾತು. ಕಾರಲ್ಲಿ ಕೇಳೋದಾದ್ರೆ 2007ರದ್ದೇ ವಾಸಿ. ಸಿಲ್ಕ್ ಬೋರ್ಡ್ ಸಿಗ್ನಲಲ್ಲಿ ನಿಂತಾಗ ಸುತ್ತಲಿನ ಗಲಾಟೆಗೆ ಮೆಲುದನಿಯ ಭಾಗಗಳು ಮುಳುಗಿ ಹೋಗ್ತವೆ. ಒತ್ತಿದ ಮಾಸ್ಟರಲ್ಲಿ ಅವು ಮೇಲೇ ಇರ್ತವೆ.

ಪ್ರಶ್ನೆ (ರಾಜಾಜಿನಗರ): ಎಲ್‌ಪಿ ಪೆಟ್ಟಿಗೆ ಬಗ್ಗೆ ಏನೂ ಹೇಳಲಿಲ್ವಲ್ಲ ಸರ್?

ಉತ್ತರ: ಹೇಳ್ತೀನಿ ಮೇಡಂ. ತಾಂತ್ರಿಕವಾಗಿ ಅದರಲ್ಲಿ ಕೊರತೆ ಇಲ್ಲ. 24 ಹಾಡು ಎಂಟು ಮಗ್ಗುಲಿಗೆ ಹಂಚಿದ್ರೆ ಮಗ್ಗುಲಿಗೆ ಸುಮಾರು 17 ನಿಮಿಷ, ಗೆರೆಗಳಿಗೆ ಬೇಕಾದಷ್ಟು ಜಾಗ ಸಿಗತ್ತೆ. ಆದ್ರೆ ಮೂರು ಹಾಡಿಗೊಂದ್ಸಲ ಎದ್ದು ತಿರುಗಿಸಬೇಕು. ಮೊದಲ ಪೆಟ್ಟಿಗೆ 2008ರದ್ದು, ಹಾಗಾಗಿ ಇಲ್ಲೂ ವರ್ಷ ನೋಡ್ಲೇಬೇಕು.

ನನ್ನ ಮುಖ್ಯ ತಕರಾರು ಇರೋದು ಹಾಡಿನ ಆಯ್ಕೆ ಮೇಲೆ. 1970ರ ಮೂರನೇ ಆಲ್ಬಂ ಎರಡನೇ ಮಗ್ಗುಲು ಬಹುಪಾಲು ಅಕೂಸ್ಟಿಕ್ ಗಿಟಾರಿನದು. ಅಲ್ಲಿಂದ ಒಂದೇ ಒಂದು ಹಾಡೂ ಈ ಸಂಕಲನದಲ್ಲಿಲ್ಲ. ಆ ಆಲ್ಬಮಿನಿಂದ ತಗೊಂಡ ಎರಡೂ ಮೊದಲ ಮಗ್ಗುಲಿನ ಎಲೆಕ್ಟ್ರಿಕ್ ಹಾಡುಗಳೇ. ನಾಲ್ಕನೇ ಆಲ್ಬಮಿನ ಎಂಟರಲ್ಲಿ ನಾಲ್ಕು ಬಂದಿವೆ, ಮ್ಯಾಂಡೊಲಿನ್ ಇರೋ 'ದ ಬ್ಯಾಟಲ್ ಆಫ್ ಎವರ್‌ಮೋರ್' ಬಿಟ್ಟುಹೋಗಿದೆ. ಇದನ್ನಷ್ಟೇ ಕೇಳಿದವರು ಇವರನ್ನ ಬರೀ ಅಬ್ಬರದ ಬ್ಯಾಂಡ್ ಅಂದ್ಕೊಳ್ತಾರೆ. ಅದು ಬೇಜಾರಿನ ವಿಷಯ, ಯಾಕಂದ್ರೆ ಇವರ ಅರ್ಧ ಶಕ್ತಿ ಆ ಮೆಲುದನಿಯಲ್ಲೇ ಇರೋದು. ನಾಲ್ಕು ಎಲ್‌ಪಿ ಪೆಟ್ಟಿಗೆಗೆ ಕೊಡೋ ದುಡ್ಡಲ್ಲಿ 2014ರ ಮಾಸ್ಟರಿನ ಮೂರನೇ ಮತ್ತು ನಾಲ್ಕನೇ ಆಲ್ಬಂ ಬಿಡಿ ಎಲ್‌ಪಿಗಳನ್ನ ತಗೊಳ್ಳಿ ಅಂತ ನಾನು ಹೇಳೋದು.

ಪ್ರಶ್ನೆ (ವಿಜಯನಗರ): 1990ರ 'ರೀಮಾಸ್ಟರ್ಸ್' ಎರಡು ಸಿಡಿ ಸೆಟ್ ಇದೆ ನನ್ನ ಹತ್ರ. ಅದನ್ನ ಕೊಟ್ಟು ಇದನ್ನ ತಗೊಳ್ಳಲಾ?

ಉತ್ತರ: ಬೇಡ, ಇಟ್ಕೊಳ್ಳಿ. ಅದು ಪೇಜ್ ಮತ್ತು ಜಾರ್ಜ್ ಮರೀನೊ ಮಾಡಿದ್ದು, ಜೋರಿನ ಪೈಪೋಟಿ ಶುರುವಾಗೋಕೆ ಮುಂಚಿನದು. ಸದ್ದು ಕಮ್ಮಿ ಅನಿಸಿದ್ರೆ ವಾಲ್ಯೂಮ್ ಸ್ವಲ್ಪ ತಿರುಗಿಸಿ. 26 ಹಾಡಿವೆ, 'ಎವರ್‌ಮೋರ್' ಕೂಡ ಇದೆ. ಇಲ್ಲದೇ ಇರೋದು 'ಲೆವೀ'. ಅದಕ್ಕೆ ನಾಲ್ಕನೇ ಆಲ್ಬಂ ಒಂದನ್ನ ತಗೊಂಡ್ರೆ ಆಯ್ತು.

ಪ್ರಶ್ನೆ (ಬಸವನಗುಡಿ, ಮತ್ತೆ): ಥ್ಯಾಂಕ್ಸ್ ಸರ್. ಬಿವಿಕೆ ಅಯ್ಯಂಗಾರ್ ರಸ್ತೆ ಭಾನುವಾರದ ಬಜಾರಲ್ಲೂ ಹುಡುಕ್ತೀನಿ. ಹಳೇ ಸಿಡಿ ತಗೊಳ್ಳುವಾಗ ಏನೇನು ನೋಡಬೇಕು?

ಉತ್ತರ: ಮೊದಲು ತಳಭಾಗದ ಬಣ್ಣ. ಕಂಪನಿಯವರು ಒತ್ತಿದ ಸಿಡಿ ಬೆಳ್ಳಿ ಬಣ್ಣಕ್ಕೆ ಇರತ್ತೆ. ಹಸಿರು, ನೀಲಿ ಛಾಯೆ ಕಂಡ್ರೆ ಅದು ಯಾರೋ ಬರ್ನ್ ಮಾಡಿದ ಸಿಡಿ-ಆರ್. ಒಳಗಿನ ಉಂಗುರದ ಹತ್ರ ಸಣ್ಣಕ್ಷರದಲ್ಲಿ ಐಎಫ್‌ಪಿಐ ಸಂಖ್ಯೆ, ಅಂದ್ರೆ ಒತ್ತಿದ ಕಾರ್ಖಾನೆಯ ಗುರುತು, ಇದೆಯಾ ನೋಡಿ. ಮೊಬೈಲ್ ಟಾರ್ಚ್ ಹಿಂದಿಟ್ಟು ಬೆಳಕಿಗೆ ಹಿಡಿಯಿರಿ. ಸೂಜಿ ಚುಚ್ಚಿದಂಥ ತೂತು ಅಲ್ಲಲ್ಲಿ ಕಂಡ್ರೆ ಅಲ್ಯೂಮಿನಿಯಂ ಪದರ ಹಾಳಾಗ್ತಿದೆ, ವಾಪಸ್ ಇಡಿ.

ಗೀರಿನ ವಿಷಯದಲ್ಲಿ ಜನ ತಲೆಕೆಳಗಾಗಿ ಹೆದರ್ತಾರೆ. ಸಿಡಿ ದಪ್ಪ 1.2 ಮಿಲಿಮೀಟರ್, ಅದರಲ್ಲಿ ಬಹುಪಾಲು ತಳಗಡೆಯ ಪಾಲಿಕಾರ್ಬೊನೇಟ್. ಆ ಕಡೆ ಸಣ್ಣ ಗೀರಿದ್ರೆ ಪ್ಲೇಯರ್ ಸರಿಮಾಡ್ಕೊಂಡು ಓದತ್ತೆ, ಪಾಲಿಶ್ ಕೂಡ ಮಾಡಬಹುದು. ಹಾಡಿರೋ ಪದರ ಇರೋದು ಮೇಲ್ಗಡೆ, ಲೇಬಲ್ಲಿನ ತೆಳು ಲ್ಯಾಕರ್ ಕೆಳಗೇ. ಲೇಬಲ್ ಕಡೆ ಗೀರು ಆಳವಾಗಿದ್ರೆ ಆ ಜಾಗದ ಹಾಡು ಹೋಯ್ತು, ಯಾವ ಪಾಲಿಶೂ ಉಳಿಸಲ್ಲ. ಒರೆಸುವಾಗ ವೃತ್ತಾಕಾರವಾಗಿ ಬೇಡ, ಒಳಗಿನಿಂದ ಅಂಚಿಗೆ ನೇರವಾಗಿ ಮೆತ್ತಗಿನ ಬಟ್ಟೇಲಿ ಒರೆಸಿ.