ಸಹಾಯ ಬೇಕು: ಪುಟ್ಟ ಮಕ್ಕಳಿಗೆ ಕನ್ನಡ ಕಥೆ ಪುಸ್ತಕಗಳು (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ವಿದ್ಯಾನಗರದಲ್ಲಿ. ಮಗಳು ಎರಡನೇ ಕ್ಲಾಸು. ಶಾಲೆಯಿಂದ ಬಂದ ಕೂಡಲೇ ಮೊಬೈಲ್ ಬೇಕು. ಸುಮ್ನೆ ಕಿತ್ತಿಟ್ಟರೆ ಅಳು ಜಾಸ್ತಿಯಾಗುತ್ತದೆ, ಅಷ್ಟೇ. ಆದರೆ ಗಾಡಿಯಲ್ಲಿ ಹೋಗುವಾಗ ಅಂಗಡಿ ಬೋರ್ಡುಗಳನ್ನೆಲ್ಲ ಜೋರಾಗಿ ಓದುತ್ತಾಳೆ. 'ಬೆಣ್ಣೆ ದೋಸೆ' ಬಂದರೆ ಒತ್ತಕ್ಷರದ ಹತ್ತಿರ ತಡವರಿಸಿ, ಮತ್ತೆ ಮೊದಲಿಂದ ಓದುತ್ತಾಳೆ. ಓದುವ ಆಸೆ ಇದೆ ಅಂತಲೇ ಅಲ್ವಾ ಇದು?

ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್‌ನಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ಓದುವ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ, ಪ್ರಿಂಟ್ ಕೂಡ ಹಾಕಿಸಬಹುದು. ಕೆಲವನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಪಿನ್ ಹೊಡೆಸಿದ್ದೇನೆ. ರಾತ್ರಿ ನಾನೊಂದು ಪುಟ, ಅವಳೊಂದು ಪುಟ. ಮೊಬೈಲ್ ಬೇರೆ ರೂಮಿನಲ್ಲಿ, ನನ್ನದೂ ಸೇರಿ.

ಈಗ ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ಮಕ್ಕಳನ್ನೆಲ್ಲ ಕೂರಿಸಿ ಓದಿಸುವ ಆಸೆ. ದೊಡ್ಡ ಅಕ್ಷರದ, ಚಿತ್ರ ಜಾಸ್ತಿ ಇರುವ ಹಳೆ ಪುಸ್ತಕಗಳಿದ್ದರೆ ದಯವಿಟ್ಟು ಕೊಡಿ. ಗೈಡು, ಜಿಕೆ ಪುಸ್ತಕ ಬೇಡ. ಇಂಥ ಪುಸ್ತಕ ಊರಿನ ಯಾವ ಅಂಗಡಿಯಲ್ಲಿ ಸಿಗುತ್ತದೆ, ಅದನ್ನೂ ಹೇಳಿ. ಕಥೆ ಹೇಳಬಲ್ಲ ಅಜ್ಜ ಅಜ್ಜಿಯರು ಒಂದು ಗಂಟೆ ಬಂದರೆ ಇನ್ನೂ ಸಂತೋಷ. ಕಥೆ ಮುಗಿದ ಮೇಲೆ ಮಕ್ಕಳಿಗೆ ಪ್ರಶ್ನೆ ಕೇಳುವುದು ಮಾತ್ರ ಬೇಡ, ಅದು ಪರೀಕ್ಷೆ ಆಗಿಬಿಡುತ್ತದೆ. ಪುಸ್ತಕ ಇರುವವರು ಏರಿಯಾ ತಿಳಿಸಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಹರಿಹರದವರೆಗೂ ಬರುತ್ತೇನೆ.