ಬೇರೆಯವರ ಪೇಟೆಂಟ್ ಅಡ್ಡ ಬಂದಾಗ ನೀವು ಏನು ಮಾಡಿದಿರಿ?

ತುಮಕೂರಿನಲ್ಲಿ ನಮ್ಮದು ಹನ್ನೆರಡು ಜನರ ಘಟಕ. ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಎಣ್ಣೆಯಲ್ಲಿ ಬೆರೆಸಿ ದ್ರವರೂಪದ ಜೈವಿಕ ಶಿಲೀಂಧ್ರನಾಶಕ ತಯಾರಿಸುತ್ತಿದ್ದೇವೆ. ಹೆಚ್ಚುಕಡಿಮೆ ಇದೇ ಶೀರ್ಷಿಕೆಯ ಅಮೆರಿಕದ ಪೇಟೆಂಟ್ ಕಣ್ಣಿಗೆ ಬಿದ್ದಿದೆ. ಕೆಲಸ ನಿಲ್ಲಿಸಬೇಕೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ಶೀರ್ಷಿಕೆ ನೋಡಿ ಗಾಬರಿಯಾಗಬೇಡಿ ಸರ್, ಕ್ಲೇಮುಗಳನ್ನು, ಅಂದರೆ ಪೇಟೆಂಟ್ ಯಾವುದರ ಮೇಲೆ ಹಕ್ಕು ಕೇಳುತ್ತದೆ ಎಂದು ಹೇಳುವ ಸಾಲುಗಳನ್ನು, ಓದಿ. ನಾವೂ ಹೀಗೇ ಹೆದರಿ ಎರಡು ತಿಂಗಳು ಕೈಕಟ್ಟಿ ಕುಳಿತಿದ್ದೆವು. ಕೊನೆಗೆ ಪೇಟೆಂಟ್ ಏಜೆಂಟರು ಮೊದಲನೆಯ ಕ್ಲೇಮನ್ನು ತುಂಡು ತುಂಡು ಮಾಡಿ ಹಾಳೆಯ ಎಡಗಡೆ ಬರೆದರು. ಬಲಗಡೆ ನಮ್ಮ ಬಾಟಲಿಯಲ್ಲಿ ಏನೇನಿದೆ ಎಂದು ನಮ್ಮಿಂದಲೇ ಬರೆಸಿದರು. ಎಡಗಡೆ ಇದ್ದದ್ದು ಠೇವಣಿ ಸಂಖ್ಯೆ (ಸೂಕ್ಷ್ಮಜೀವಿ ಸಂಗ್ರಹಾಲಯ ಕೊಡುವ ಗುರುತು) ಸಮೇತ ಹೆಸರಿಸಿದ ಶಿಲೀಂಧ್ರದ ಒಂದೇ ಒಂದು ತಳಿ, ಸಸ್ಯಜನ್ಯ ಎಣ್ಣೆ, ಸಿಲಿಕಾ. ನಮ್ಮ ತಳಿ ನಮ್ಮ ತೋಟದ ಮಣ್ಣಿನದು, ಸಿಲಿಕಾ ನಾವು ಹಾಕುತ್ತಲೇ ಇರಲಿಲ್ಲ, ಹಾಗಾಗಿ ಆ ಕ್ಲೇಮು ನಮಗೆ ತಾಗಲಿಲ್ಲ. ಹಾಗೆಂದು ಒಂದು ಸಾಮಗ್ರಿಯ ಬದಲು ಅದೇ ಕೆಲಸ ಮಾಡುವ ಇನ್ನೊಂದನ್ನು ಸುರಿದು ಜಾರಿಕೊಳ್ಳಲು ನೋಡಬೇಡಿ, ನ್ಯಾಯಾಲಯ ಅಷ್ಟು ಮುಗ್ಧವಲ್ಲ. ಅಮೆರಿಕದ ಪೇಟೆಂಟ್ ಇಲ್ಲಿ ನಡೆಯುವುದಿಲ್ಲ ಎನ್ನುವುದೂ ನೆನಪಿರಲಿ. ಅದೇ ಶೋಧಕ್ಕೆ ಭಾರತದಲ್ಲಿ ಪೇಟೆಂಟ್ ಇದೆಯೇ, ನವೀಕರಣ ಶುಲ್ಕ ಕಟ್ಟಿದ್ದಾರೆಯೇ ಎಂಬುದನ್ನು ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಪುಕ್ಕಟೆಯಾಗಿ ನೋಡಬಹುದು.

ಇನ್ನೊಬ್ಬರು: ಒಮ್ಮೆ ಹುಡುಕಿ ಸುಮ್ಮನಾಗಬೇಡಿ. ಪೇಟೆಂಟ್ ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳು ಪ್ರಕಟವಾಗುವುದೇ ಇಲ್ಲ. ನಾವು ಲೇಬಲ್ ಅಚ್ಚು ಹಾಕಿಸಿದ ಮೇಲೆ ಒಂದು ಅರ್ಜಿ ಹೊರಬಿತ್ತು! ಪೇಟೆಂಟ್ ಮಂಜೂರಾಗುವ ಮೊದಲು ಯಾರು ಬೇಕಾದರೂ ಪೇಟೆಂಟ್ ಕಾಯ್ದೆಯ ಕಲಂ 25(1)ರ ಅಡಿ ವಿರೋಧ ಸಲ್ಲಿಸಬಹುದು. ಅವರದು ಹೊಸದಲ್ಲ, ಮೊದಲೇ ತಿಳಿದದ್ದು ಎಂದು ತೋರಿಸಲು ಕೃಷಿ ವಿಶ್ವವಿದ್ಯಾಲಯದ ಹಳೆಯ ಪ್ರಬಂಧವೊಂದನ್ನು ಲಗತ್ತಿಸಿ ಸಲ್ಲಿಸಿದೆವು, ಅವರ ಕ್ಲೇಮು ಕಿರಿದಾಯಿತು. ಅಷ್ಟರಲ್ಲಿ ಮೂರು ಹಂಗಾಮು ಕಳೆದು, ಹಳೆಯ ಬೆಲೆಯ ಲೇಬಲ್‌ಗಳೆಲ್ಲ ರದ್ದಿಗೆ ಹೋದವು.

ಮತ್ತೊಬ್ಬರು: ನಮ್ಮದು ರಾಸಾಯನಿಕ ಕೀಟನಾಶಕ. ಪೇಟೆಂಟ್ ಅವಧಿ, ಅಂದರೆ ಅರ್ಜಿ ಹಾಕಿದ ದಿನದಿಂದ 20 ವರ್ಷ, ಮುಗಿಯುವ ಮೊದಲೇ ಸರ್ಕಾರದ ನೋಂದಣಿಗೆ ಬೇಕಾದ ಮಾಹಿತಿಗಾಗಿ ಪ್ರಯೋಗ ನಡೆಸಲು ಅದೇ ಕಾಯ್ದೆಯ ಕಲಂ 107ಎ ಅವಕಾಶ ಕೊಡುತ್ತದೆ. ಆ ನೆಪದಲ್ಲಿ ಮಾರಾಟಕ್ಕೆಂದು ಗೋದಾಮು ತುಂಬಿಸಿಕೊಂಡರೆ ಕೆಟ್ಟಿರಿ. ಪ್ರತಿ ಬ್ಯಾಚು ಎಷ್ಟು ಕಿಲೋ, ಯಾವ ಪ್ರಯೋಗಕ್ಕೆ ಹೋಯಿತು ಎಂದು ನಾವು ಪುಸ್ತಕದಲ್ಲಿ ಬರೆದಿಡುತ್ತೇವೆ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಎಡ-ಬಲದ ಹಾಳೆ ಬರೆದೆ, ನಮ್ಮದು ಹೊಂಗೆ ಎಣ್ಣೆ, ಅವರ ಕ್ಲೇಮಿನಲ್ಲಿ ಖನಿಜ ತೈಲ. ಆದರೆ ಆ ಪೇಟೆಂಟಿನ ಕಂಪನಿಯ ಹೆಸರಿನಲ್ಲಿ ಭಾರತದ ಅರ್ಜಿ ಸಿಗುತ್ತಿಲ್ಲ.

ಉತ್ತರ: ಶೋಧಕರ ಹೆಸರು ಹಾಕಿ ನೋಡಿ ಸರ್. ಪೇಟೆಂಟ್ ಕಂಪನಿಯಿಂದ ಕಂಪನಿಗೆ ಮಾರಾಟವಾಗಬಹುದು, ಶೋಧಕರ ಹೆಸರು ಹಾಗೆಯೇ ಉಳಿದಿರುತ್ತದೆ.