ಪದಚರ್ಚೆ: ‘ಕನಿಷ್ಠ ಆಕ್ರಮಣಕಾರಿ’ ಕವಾಟ ದುರಸ್ತಿಗೆ ಪದ ಬೇಕು, ನಾಳೆ ಅಚ್ಚಿಗೆ

ಹುಬ್ಬಳ್ಳಿಯಿಂದ:
ಆಸ್ಪತ್ರೆಯೊಂದರ ಕರಪತ್ರ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಇಂಗ್ಲಿಷಿನ ‘ಮಿನಿಮಲಿ ಇನ್ವೇಸಿವ್’ ಅನ್ನು ಪದಕ್ಕೆ ಪದವಿಟ್ಟು ಅನುವಾದಿಸಿ ಕೈಗೆ ಬಂದಿರುವ ತಲೆಬರಹ: ‘ಕನಿಷ್ಠ ಆಕ್ರಮಣಕಾರಿ ಹೃದಯ ಕವಾಟ ದುರಸ್ತಿ: ಫಲಿತಾಂಶಗಳಲ್ಲಿ ಲಿಂಗ ವ್ಯತ್ಯಾಸ’. ಹೇಳಬೇಕಾದದ್ದು ಎರಡು ವಿಧಾನ. ಒಂದು, ಎದೆಯ ನಡುವಿನ ಎಲುಬು ಸೀಳದೆ ಬಲಗಡೆ ನಾಲ್ಕನೆಯ ಪಕ್ಕೆಲುಬಿನ ಸಂದಿನಲ್ಲಿ 5–7 ಸೆಂ.ಮೀ. ಕೊಯ್ದು ಮೈಟ್ರಲ್ ಕವಾಟ (ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನದು) ಸರಿಪಡಿಸುವುದು. ಇನ್ನೊಂದು, ತೊಡೆಸಂದಿನ ಅಭಿಧಮನಿಯಿಂದ ನಳಿಗೆ ಏರಿಸಿ, ಹೃತ್ಕರ್ಣಗಳ (ಮೇಲಿನ ಎರಡು ಕೋಣೆಗಳ) ನಡುವಿನ ಗೋಡೆ ದಾಟಿಸಿ, ಸೋರುವ ಕವಾಟದ ಎರಡು ದಳಗಳನ್ನು ಕ್ಲಿಪ್ ಹಾಕಿ ಜೋಡಿಸುವುದು. ಎರಡಕ್ಕೂ ಒಪ್ಪುವ ಪದ ತಿಳಿಸಿರಿ.

ಧಾರವಾಡದಿಂದ:
‘ಕಿರುಗಾಯ’. ಮುಗೀತು. ‘ಆಕ್ರಮಣಕಾರಿ’ಯನ್ನು ಹೊಡೆದು ಹಾಕ್ರಿ. ‘ಕವಾಟ’ವೂ ಬೇಡ, ನಮ್ಮದೇ ‘ಕದ’ ಇದೆ, ತಮಿಳಿನಲ್ಲಿ ‘ಕದವು’. ಕವಾಟ ಅಂದರೆ ಇಲ್ಲಿ ಅರ್ಧ ಮಂದಿ ಬಟ್ಟೆ ಇಡುವ ಕಪಾಟು ಅಂತ ತಿಳಿಯುತ್ತಾರೆ. ‘ದಳ’ಕ್ಕೆ ‘ಎಸಳು’.

ಗದಗದಿಂದ:
‘ಹೃದಯದ ಕದ’ ಪದ್ಯಕ್ಕೆ ಸರಿ, ಒಪ್ಪಿಗೆ ಪತ್ರಕ್ಕೆ ಅಲ್ಲ. ಶಾಲೆಯ ಪುಸ್ತಕದಲ್ಲೇ ಕವಾಟ ಇದೆ, ಬಿಡಿ. ಕೆಟ್ಟಿರುವುದು ತಲೆಬರಹದ ಎರಡನೆಯ ಅರ್ಧ. ‘ಫಲಿತಾಂಶ’ ಅಂದರೆ ಎಸ್ಸೆಸ್ಸೆಲ್ಸಿ. ನಮ್ಮ ಕಡೆ ‘ಲಿಂಗ’ ಅಂದರೆ ಕೊರಳಲ್ಲಿರುವುದು. ‘ಲಿಂಗ ವ್ಯತ್ಯಾಸ’ ಅಂದೊಡನೆ ದೋಷವೆಲ್ಲ ಹೆಣ್ಣಿನ ದೇಹದ ಮೇಲೆ ಬೀಳುತ್ತದೆ. ದೇಹದ ಪಾಲು ಇದ್ದೇ ಇದೆ: ತೊಡೆಯ ಅಪಧಮನಿ ಸಣ್ಣದು, ಮೊದಲ ವಿಧಾನದಲ್ಲಿ ಹೃದಯದ ಕೆಲಸ ಹೊರುವ ಹಾರ್ಟ್-ಲಂಗ್ ಮಷೀನಿನ ಕೊಳವೆ ಅಲ್ಲಿಗೆ ಬಿಗಿಯಾದರೆ ಕಾಲಿಗೆ ರಕ್ತ ನಿಲ್ಲುತ್ತದೆ, ಅಪಧಮನಿಯ ಗೋಡೆ ಹರಿಯಬಹುದು. ಅದಕ್ಕೇ ಮೊದಲು ಸಿ.ಟಿ.ಯಲ್ಲಿ ಅಳೆಯುವುದು. ಕವಾಟದ ಬಾಯಿ 4 ಚ.ಸೆಂ.ಮೀ.ಗಿಂತ ಕಿರಿದಾಗಿದ್ದರೆ ಕ್ಲಿಪ್ ಸೋರಿಕೆ ತಡೆದರೂ ದಾರಿ ಇಕ್ಕಟ್ಟಾಗುತ್ತದೆ. ಹೆಂಗಸರಲ್ಲಿ ಈ ಆತಂಕ ಹೆಚ್ಚು. ಗಂಡಸರಲ್ಲಿ ಹಿಂದಿನ ದಳವೊಂದೇ ಜೋತಿರುವುದು ಹೆಚ್ಚು, ರಿಪೇರಿ ಸುಲಭ. ಹೆಂಗಸರಲ್ಲಿ ಮುಂದಿನ ದಳವೂ ಸೇರಿರುವುದು, ಇಲ್ಲವೇ ಕೀಲುವಾತದ ಜ್ವರದಿಂದ ದಳ ದಪ್ಪಗಾಗಿರುವುದು ಹೆಚ್ಚು. ಆಗ ದುರಸ್ತಿ ಬಿಟ್ಟು ಬದಲಿ ಕವಾಟಕ್ಕೆ ಹೋಗಬೇಕಾಗಬಹುದು.

ಆದರೆ ಅಳತೆಗೋಲು? ಎಡ ಹೃತ್ಕುಕ್ಷಿ (ಕೆಳಗಿನ ಎಡ ಕೋಣೆ) ಕುಗ್ಗಿದಾಗಲೂ 40 ಮಿ.ಮೀ. ಅಗಲ ಇದ್ದರೆ ಆಪರೇಶನ್ ಅನ್ನುವ ಗಡಿ ಇಬ್ಬರಿಗೂ ಒಂದೇ. ಚಿಕ್ಕ ಹೃದಯ 40 ಮುಟ್ಟುವಷ್ಟರಲ್ಲಿ ಎಷ್ಟೋ ಹಿಗ್ಗಿರುತ್ತದೆ. ಹೀಗೆ ತಡವಾಗಿ ಬಂದವರ ಚೇತರಿಕೆಯೂ ಕಡಿಮೆ. ಇದನ್ನು ‘ಲಿಂಗ’ ಎಂಬ ಒಂದು ಪದದಲ್ಲಿ ಮುಚ್ಚಬಾರದು. ‘ಹೆಂಗಸರಲ್ಲಿ, ಗಂಡಸರಲ್ಲಿ’ ಅಂತ ಬಿಡಿಸಿ ಬರೆಯಿರಿ.

ಧಾರವಾಡದಿಂದ:
‘ದುರಸ್ತಿ’ ಪಾರ್ಸಿ, ‘ಬದಲಿ’ ಅರಬ್ಬಿ, ‘ರಿಪೇರಿ’ ಇಂಗ್ಲಿಷು. ‘ತಿದ್ದಿಕೆ’ಗೆ ಏನಾಗಿದೆ?

ಹಾವೇರಿಯಿಂದ:
ತಿದ್ದುವುದು ಅಕ್ಷರವನ್ನ, ಕರಡನ್ನ. ಪಂಪ್‌ಸೆಟ್ ದುರಸ್ತಿಗೆ ಒಯ್ಯುವ ರೈತನಿಗೆ ಆ ಪದದ ಊರು ಯಾವುದಾದರೇನ್ರೀ? ಅಚ್ಚಗನ್ನಡದ ಹಟಕ್ಕೆ ರೋಗಿಯನ್ನು ಬಲಿ ಕೊಡಬೇಡಿ. ಹೊಟ್ಟೆಯ ಕಿಂಡಿ ಆಪರೇಶನ್ನಿಗೆ (ಲ್ಯಾಪ್ರೋಸ್ಕೋಪಿ) ‘ದುರ್ಬೀನ್ ಆಪರೇಶನ್’ ಅನ್ನುವುದೂ ಇಲ್ಲಿ ಬೇಡ, ಕ್ಲಿಪ್ ವಿಧಾನದಲ್ಲಿ ದುರ್ಬೀನ್ ಇಲ್ಲ.

ಹುಬ್ಬಳ್ಳಿಯಿಂದ:
‘ಕಿರುಗಾಯದ ಹೃದಯ ಕವಾಟ ದುರಸ್ತಿ: ಹೆಂಗಸರ ಚೇತರಿಕೆ, ಗಂಡಸರ ಚೇತರಿಕೆ’. ಹೀಗೆ ಕಳಿಸುತ್ತಿದ್ದೇನೆ. ಒಳಪುಟದಲ್ಲಿ ಒಂದು ಸಾಲು ಸೇರಿಸಿದೆ: ‘ಮೆಟ್ಟಿಲೇರುವಾಗ ಉಬ್ಬಸ ಬಂದರೆ ವಯಸ್ಸಾಯಿತೆಂದು ಸುಮ್ಮನಿರಬೇಡಿ, ಎಕೋ ಮಾಡಿಸಿ’. ಹೃದಯದ ಈ ಸ್ಕ್ಯಾನಿಗೆ, ‘ಎಕೋ’ಗೆ, ಕನ್ನಡ ಪದ ಹುಡುಕುವವರು ನಾಳೆ ಸಂಜೆಯ ನಂತರ ಹುಡುಕಿರಿ.

ಧಾರವಾಡದಿಂದ:
‘ಎಸಳು’ ಆದರೂ ಉಳಿಸಿರಿ.